ನನ್ನನ್ನು ಉಲ್ಲೇಖಿಸಿದ ಮಹಾನುಭಾವ

ಮದುವೆಯ ಕರೆಯೋಲೆ ಕೈಗೆ ಬಂದಾಗ ನಾವು ಮೊದಲು ಹುಡುಕುವುದು ವಧೂವರರ ಹೆಸರನ್ನಲ್ಲ. ಕೆಳಗೆ ಇರುವೆಸಾಲಿನಂತೆ ಹರಿದಿರುವ 'ಸುಖಾಗಮನ ಬಯಸುವವರ' ನಡುವೆ ನಮ್ಮ ಹೆಸರನ್ನು. ಈ ಚಪಲ ಜನಸಾಮಾನ್ಯರದು, ವಿಜ್ಞಾನಿಗಳು ಇದಕ್ಕೆ ಅತೀತರು ಎಂದು ನೀವು ಭಾವಿಸಿದ್ದರೆ ದಯಮಾಡಿ ನನ್ನ ಕಥೆ ಕೇಳಿ.

ತೊಂಬತ್ತರ ದಶಕದಲ್ಲಿ ನಾನು ಪಾಂಡವಪುರದ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಅಧ್ಯಾಪಕನಾಗಿದ್ದೆ. ನನ್ನ ಕ್ಷೇತ್ರ ಸಾಂದ್ರದ್ರವ್ಯ ಭೌತಶಾಸ್ತ್ರ. ಅಂದರೆ, ಗಟ್ಟಿ ಪದಾರ್ಥಗಳೊಳಗೆ ಪರಮಾಣುಗಳು ಹೇಗೆ ಕೂಡಿ ಬಾಳುತ್ತವೆ ಎಂಬ ವಿಚಾರಣೆ; ನಮ್ಮ ವಿಭಾಗದ ನಾಲ್ವರು ಅಧ್ಯಾಪಕರು ಹೇಗೆ ಕೂಡಿ ಬಾಳಬೇಕೆಂಬುದಕ್ಕಿಂತ ಇದು ಸುಲಭದ ವಿಷಯ. ಹರಳೊಂದನ್ನು ಕಾಯಿಸುತ್ತ ಹೋದರೆ ಯಾವ ಉಷ್ಣಾಂಶದಲ್ಲಿ ಅದರ ಒಳರಚನೆ ಮಗ್ಗುಲು ಬದಲಿಸುತ್ತದೆ ಎಂಬುದನ್ನು ಅಳೆದು ಅಳೆದು ಹನ್ನೊಂದು ಲೇಖನಗಳನ್ನು ಪ್ರಕಟಿಸಿದ್ದೆ. ಅವನ್ನು ಯಾರಾದರೂ ಓದುತ್ತಾರೆಯೇ ಎಂಬ ಪ್ರಶ್ನೆಯನ್ನು, ಉತ್ತರದ ಅಂಜಿಕೆಯಿಂದ, ಕೇಳಿಕೊಂಡಿರಲಿಲ್ಲ.

ನಾನು ಕೇಳದ ಪ್ರಶ್ನೆಯನ್ನು ಬಡ್ತಿಯ ಅರ್ಜಿ ಕೇಳಿತು: ತಮ್ಮ ಲೇಖನಗಳು ಎಷ್ಟು ಬಾರಿ ಉಲ್ಲೇಖಗೊಂಡಿವೆ? ನಾಗಮಂಗಲದ ಕಾಲೇಜಿನಲ್ಲಿದ್ದ ಮಿತ್ರ ಪುಟ್ಟಸ್ವಾಮಿ ಪರಿಹಾರ ಸೂಚಿಸಿದರು. "ನಿಮ್ ಲೇಖನ್ದಲ್ಲಿ ನನ್ನೆಸ್ರು ಆಕಿ ಮೇಷ್ಟ್ರೇ, ನನ್ನದ್ರಲ್ಲಿ ನಿಮ್ಮೆಸ್ರು ಆಕ್ತೀನಿ. ಕೊಟ್ಟು ತರೋ ಸಂಬಂಧ ಇದ್ದಂಗೆ!" ಅವರದು ಅಯಸ್ಕಾಂತ, ನನ್ನದು ಹರಳು, ಜಾತಕ ಕೂಡುವುದಿಲ್ಲವೆಂದು ಕೈಮುಗಿದು ಮೈಸೂರಿನ ಬಸ್ಸು ಹತ್ತಿದೆ.

ಯಾರು ಯಾರನ್ನು ಉಲ್ಲೇಖಿಸಿದ್ದಾರೆಂದು ಪಟ್ಟಿ ಮಾಡುವ ಭಾರಿ ಸಂಪುಟಗಳು ಅಲ್ಲಿನ ಗ್ರಂಥಾಲಯವೊಂದರಲ್ಲಿದ್ದವು. ಸಾಸಿವೆಗಿಂತ ಸಣ್ಣ ಅಕ್ಷರಗಳಲ್ಲಿ ಮಧ್ಯಾಹ್ನವೆಲ್ಲ ಕಣ್ಣು ನೆಟ್ಟು ಹುಡುಕಿದೆ. ಒಟ್ಟು ಮೂರು ಉಲ್ಲೇಖಗಳು. ಎರಡರಲ್ಲಿ ನನ್ನನ್ನು ಸ್ಮರಿಸಿದ ಸಹೃದಯ ನಾನೇ. ಮೂರನೆಯವರು ಮಾತ್ರ ಯುರೋಪಿನ ಯಾರೋ ಮಹನೀಯರು! ಅವರ ಲೇಖನ ಅಲ್ಲಿರಲಿಲ್ಲ. ಪ್ರತಿ ತರಿಸಿಕೊಡಿರೆಂದು ಬರೆದುಕೊಟ್ಟೆ. ಆದರೆ ಅದು ಬರುವ ತನಕ ಕಾಯುವಷ್ಟು ಸ್ಥಿತಪ್ರಜ್ಞತೆ ನನ್ನಲ್ಲಿರಲಿಲ್ಲ. ಹಿಂದಿರುಗುವಾಗ ಶ್ರೀರಂಗಪಟ್ಟಣದಲ್ಲೇ ಇಳಿದು ಅರಕೆರೆಗೆ ಹೋದೆ.

ಅಲ್ಲಿ ನನ್ನ ಚಿಕ್ಕಪ್ಪ ಹಾಲಿನ ಡೈರಿಯ ಕಾರ್ಯದರ್ಶಿ. ಸಂಜೆಯ ಹಾಲಿಗೆ ಸಾಲು ನಿಂತವರೆದುರು ಆತ ಸಾರಿಯೇಬಿಟ್ಟ: "ನಮ್ಮುಡ್ಗನ್ ಎಸ್ರ ಫಾರಿನ್ನೋರು ಬುಕ್ಕಲ್ಲಿ ಬರ್ದವ್ರೆ ಕಣ್ರಪ್ಪಾ!"

ಕ್ಯಾನು ಹಿಡಿದಿದ್ದ ಮುದುಕಿಯೊಬ್ಬಳು ಕೇಳಿದಳು: "ಏನಂತ ಬರ್ದವ್ರಂತೆ?"

ಇಡೀ ಪ್ರಕರಣದಲ್ಲಿ ನನಗೆ ಗೊತ್ತಿಲ್ಲದ್ದು ಅದೊಂದೇ. ನಕ್ಕು ತಪ್ಪಿಸಿಕೊಂಡೆ.

ತಿಂಗಳ ಮೇಲೆ ಲೇಖನದ ಪ್ರತಿ ಬಂತು. ನನ್ನ ಹೆಸರಿನ ಪಕ್ಕದಲ್ಲಿ ಒಂದೇ ಸಾಲು: 'ಈ ಅಳತೆ ನಂಬಲರ್ಹವಲ್ಲ, ಉಷ್ಣಮಾಪಕದಲ್ಲೇ ದೋಷವಿದ್ದಿರಬೇಕು.' ಎರಡು ದಿನ ಊಟ ರುಚಿಸಲಿಲ್ಲ. ನಾಲ್ಕು ಪುಟದ ಖಂಡನೆಯೊಂದನ್ನು ಮನಸ್ಸಿನಲ್ಲೇ ರಚಿಸಿಕೊಂಡು, ಅದನ್ನು ಕೇಳಿಸಲು ಚಿಕ್ಕಪ್ಪನ ಬಳಿಗೇ ಹೋದೆ. ಆತ ಲ್ಯಾಕ್ಟೋಮೀಟರನ್ನು ಹಾಲಿಗಿಳಿಸುತ್ತಲೇ ಎಲ್ಲವನ್ನೂ ಕೇಳಿಸಿಕೊಂಡ.

"ಆಲ್ಗೆ ನೀರ್ ಬೆರ್ಸಿದ್ದೀಯ ಅಂತ ಯಾರ್ನಾರ ಬಯ್ಯೋಕ್ ಮುಂಚೆ, ಮೀಟ್ರು ಸರ್ಯಾಗದಾ ಅಂತ ನಾನು ನೋಡ್ಕತೀನಿ. ನಿಂದು ನೀನು ನೋಡ್ಕಂಡೇನ್ಲಾ?"

ನೋಡಿಕೊಂಡಿರಲಿಲ್ಲ. ಮರುದಿನ ಪಾಂಡವಪುರದ ಬಸ್‌ಸ್ಟ್ಯಾಂಡಿನ ಐಸ್‌ಕ್ಯಾಂಡಿ ಅಂಗಡಿಯಿಂದ ಐಸು ತಂದು, ಕುಟ್ಟಿ, ಕರಗುತ್ತಿರುವ ಪುಡಿಯಲ್ಲಿ ನನ್ನ ಉಷ್ಣಮಾಪಕವನ್ನು ಹುಗಿದೆ. ಸೊನ್ನೆ ತೋರಿಸಬೇಕಾದದ್ದು ಎರಡು ಡಿಗ್ರಿಯಲ್ಲಿ ನಿಶ್ಚಿಂತೆಯಾಗಿ ನಿಂತುಬಿಟ್ಟಿತು. ಹನ್ನೊಂದು ಲೇಖನಗಳ ನನ್ನ ಕೀರ್ತಿಶರೀರ ಆ ಐಸಿನ ಜೊತೆಗೇ ಕರಗಿತು.

ಬಡ್ತಿಯ ಸಂದರ್ಶನದಲ್ಲಿ ಸುಮ್ಮನಿದ್ದುಬಿಡೋಣವೆಂದೇ ಕುಳಿತಿದ್ದೆ. ಆದರೆ ಅಧ್ಯಕ್ಷರು 'ಮೂರು ಉಲ್ಲೇಖ, ಭೇಷ್' ಎಂದಾಗ ನಾಲಗೆ ತಡೆಯಲಿಲ್ಲ. "ಎರಡು ನಾನೇ ಮಾಡಿಕೊಂಡದ್ದು ಸಾರ್. ಮೂರನೆಯದು ನನ್ನ ತಪ್ಪು ತೋರಿಸಿದ್ದು. ತಪ್ಪು ನಿಜ."

ಅವರು ಕನ್ನಡಕದ ಮೇಲಿಂದ ನೋಡಿದರು. "ಏನು ಬರೆದಿದ್ದಾರೆ ಅಂತ ಕಾಲಂನಲ್ಲಿ ಕೇಳಿಲ್ಲವಲ್ರೀ. ಎಷ್ಟು ಅಂತ ಕೇಳಿದೆ. ಮೂರು. ಮುಂದಿನವರನ್ನ ಕಳಿಸಿ."

ಹೀಗೆ ತಪ್ಪೊಪ್ಪಿಕೊಂಡರೂ ಶಿಕ್ಷೆಯಾಗದೆ ನಾನು ಪ್ರಾಧ್ಯಾಪಕನಾದೆ. ಹೊಸ ಹುದ್ದೆಯ ಮೊದಲ ಕೆಲಸವಾಗಿ ಆ ಯುರೋಪಿನವರಿಗೆ ಕಾಗದ ಬರೆದೆ: ನೀವು ಹೇಳಿದ್ದು ಸರಿ, ದೋಷ ಎರಡು ಡಿಗ್ರಿ, ತಿದ್ದುಪಡಿ ಪ್ರಕಟಿಸುತ್ತೇನೆ.

ಬಹಳ ದಿನಗಳ ಮೇಲೆ ಉತ್ತರ ಬಂತು. ನಡುಗುವ ಕೈಬರಹ, ನಿವೃತ್ತರಾಗಿದ್ದರಂತೆ. 'ಆ ಲೇಖನ ಬರೆದು ಆರು ವರ್ಷವಾಯಿತು. ಓದಿದೆನೆಂದು ಪತ್ರ ಬರೆದವರು ನೀವೊಬ್ಬರೇ. ಯಾರೂ ಅದನ್ನು ಉಲ್ಲೇಖಿಸಲೂ ಇಲ್ಲ. ನನ್ನ ಅಳತೆಯಲ್ಲೂ ತಪ್ಪು ಕಂಡರೆ ದಯವಿಟ್ಟು ತಿಳಿಸಿ.'

ಹೊಸ ಉಷ್ಣಮಾಪಕವೊಂದನ್ನು ಐಸಿನಲ್ಲಿ ಹುಗಿದು ಸೊನ್ನೆ ತೋರಿಸುವುದನ್ನು ನೋಡಿಕೊಂಡೆ. ಆಮೇಲೆ ಅವರು ಅಳೆದುದನ್ನೆಲ್ಲ ಮೊದಲಿನಿಂದ ಅಳೆದೆ. ಮೂರು ತಿಂಗಳು ಹಿಡಿಯಿತು. ಅವರದು ಸರಿಯಾಗಿಯೇ ಇತ್ತು. ಹನ್ನೆರಡನೆಯ ಲೇಖನದಲ್ಲಿ ಹಾಗೆಂದು ಬರೆದು, ಅವರ ಹೆಸರಿನ ಒಂದಕ್ಷರವೂ ತಪ್ಪಾಗಿಲ್ಲವೆಂದು ಎರಡು ಸಲ ನೋಡಿ, ಅಂಚೆಗೆ ಹಾಕಿದೆ.