ಕೊನೆಯ ಅಕ್ಷರದ ಬಾಗು

ಹಿಮಾಯತ್‌ನಗರದ ನಮ್ಮ ಕನ್ನಡ ಸಂಘದವರು ದಾಸರ ಪದಗಳ ಕಾರ್ಯಕ್ರಮಕ್ಕೆ ಬರೀ ಅಕ್ಷರಗಳಿರುವ ಪೋಸ್ಟರ್ ಕೇಳಿದರು. ನನಗೆ ಥಟ್ಟನೆ ನೆನಪಾದದ್ದು ಅಬಿಡ್ಸ್‌ನ ರೊಟ್ಟಿ ಖಾನಾವಳಿಯ ಗೋಡೆ. ಅಲ್ಲಿ ಯಾರೋ ಪೇಂಟರ್ ದಪ್ಪ ಅಕ್ಷರದಲ್ಲಿ ಹೆಸರು ಬರೆದಿದ್ದರು. ಕೊನೆಯ ಅಕ್ಷರದ ತಲೆ ಮಾತ್ರ ಎಡಕ್ಕೆ ಬಾಗಿತ್ತು. ಆ ಬಾಗಿಗೇ ನಾನು ಮರುಳಾಗಿದ್ದೆ. ಪೋಸ್ಟರಿನ ಐದೂ ಸಾಲುಗಳ ಕೊನೆಯ ಅಕ್ಷರವನ್ನು ಹಾಗೇ ಬಾಗಿಸಿದೆ. "ಇದು ಭಕ್ತಿಯ ಬಾಗು" ಎಂದು ಕಮಿಟಿಯ ಮುಂದೆ ಭಾಷಣವನ್ನೂ ಬಿಗಿದೆ. ಕಾರ್ಯದರ್ಶಿಗಳು ಕಣ್ಣೊರೆಸಿಕೊಂಡರು.

ಅಚ್ಚಿಗೆ ಕೊಡುವ ಮುಂಚೆ ಪೇಂಟರಿಗೆ ಒಂದು ಮಾತು ಹೇಳಬೇಕೆನಿಸಿತು. ಖಾನಾವಳಿಯವರಿಂದ ವಿಳಾಸ ತಗೊಂಡು ಮೆಹದಿಪಟ್ಟಣಂಗೆ ಹೋದೆ. ಪೇಂಟರ್ ಬೀದರ್ ಕಡೆಯ ಕಾಕಾ. ಪೋಸ್ಟರನ್ನು ದೂರ ಹಿಡಿದು ನೋಡಿದರು.

"ಅಕ್ಷರ ಛಲೋ ಬಂದಾವ್ರಿ. ಆದ್ರ ಇವು ಯಾಕ ಬಾಗ್ಯಾವ?"

"ನಿಮ್ಮ ಸ್ಟೈಲ್ ಅಲ್ಲೇನ್ರಿ ಕಾಕಾ?"

"ಎಂಥಾ ಸ್ಟೈಲ್ ರೀ? ಆವಾಗ ಆ ಗ್ವಾಡಿಗೆ ನೀರಿನ ಪೈಪ್ ಇತ್ತು. ಅದು ಅಡ್ಡ ಬಂತಂತ ಬಾಗಿಸಿದ್ದೆ. ಆಮ್ಯಾಲ ಪೈಪ್ ತಗದಾರ." ಪೋಸ್ಟರನ್ನು ಇನ್ನೊಮ್ಮೆ ನೋಡಿ ಕೇಳಿದರು, "ನಿಮಗ ಐದು ಪೈಪ್ ಅಡ್ಡ ಬಂದ್ವೇನು?"

ಕಮಿಟಿಯ ಮುಂದೆ ಇನ್ನೊಂದು ಭಾಷಣ ಮಾಡುವ ಧೈರ್ಯವಿಲ್ಲದೆ ಹಾಗೇ ಅಚ್ಚು ಹಾಕಿಸಿದೆ. ಕಾರ್ಯಕ್ರಮಕ್ಕೆ ಕಾಕಾ ಕೂಡ ಬಂದರು. ಅವರು ಯಾರೆಂದು ತಿಳಿಯದ ಕಾರ್ಯದರ್ಶಿಗಳು ಅವರನ್ನು ಪೋಸ್ಟರಿನ ಮುಂದೆ ನಿಲ್ಲಿಸಿಕೊಂಡು ಭಕ್ತಿಯ ಬಾಗನ್ನು ವಿವರಿಸಿದರು. ಕಾಕಾ ಕೈಮುಗಿದುಕೊಂಡೇ ಪೂರ್ತಿ ಕೇಳಿದರು, ನನ್ನನ್ನೇ ನೋಡುತ್ತ, ತಲೆಯನ್ನು ಎಡಕ್ಕೆ ಬಾಗಿಸಿ.