ಕೋರ್ಟಿನ ಇಂಗ್ಲಿಷ್ ಕಲಿತ ಎದುರು ಮನೆಯ ಅಕ್ಕ

ಮೊನ್ನೆ ದವಾಖಾನೆಯಲ್ಲಿ ಸೂಜಿ ಚುಚ್ಚುವ ಮೊದಲು ನರ್ಸ್ ನನ್ನ ತೋಳಿಗೆ ಸ್ಪಿರಿಟ್ ಹತ್ತಿ ಒರೆಸಿದಳು. ಆ ವಾಸನೆ ಬಂದರೆ ನನಗೆ ವಿಸಿಆರ್ ನೆನಪಾಗುತ್ತದೆ. ಎಂಬತ್ತರ ದಶಕದ ಕೊನೆ. ಆಳಂದದ ನಮ್ಮ ಓಣಿಯಲ್ಲಿ ಎದುರು ಮನೆಯ ಅಕ್ಕ ಬಾಡಿಗೆ ವಿಸಿಆರ್ ಬಿಚ್ಚಿ, ಸ್ಪಿರಿಟ್ ಹತ್ತಿಯಿಂದ ಒಳಗೆ ಟೇಪು ತಾಗುವ ಹೆಡ್ ಒರೆಸುತ್ತಿದ್ದಳು. ಚಿತ್ರ ಗೆರೆಗೆರೆಯಾದರೂ ಅವಳಿಗೆ ಚಿಂತೆ ಇರಲಿಲ್ಲ, ಮಾತು ಕೇಳಿಸಿದರೆ ಸಾಕಿತ್ತು.

ಅಕ್ಕ ಜೇವರ್ಗಿ ಕಡೆಯ ಗಂಡನ ಮನೆ ಬಿಟ್ಟು ತವರಿಗೆ ಬಂದಿದ್ದಳು. ಗಂಡ ಹೊಡೆಯುತ್ತಿದ್ದ. ಅದು ಓಣಿಗೆಲ್ಲ ಗೊತ್ತಿತ್ತು, ಆದರೂ ತಪ್ಪು ಮಾತ್ರ ಬಿಟ್ಟು ಬಂದವಳದ್ದೇ. ತೊಗರಿ ವ್ಯಾಪಾರದ ಅವಳ ಅಣ್ಣ ಗಡುವು ಹಾಕಿದ್ದ: ದಸರೆಯೊಳಗೆ ನೌಕರಿ ಸಿಗದಿದ್ದರೆ ತಾನೇ ಕರೆದೊಯ್ದು ಗಂಡನ ಮನೆಯಲ್ಲಿ ಬಿಟ್ಟು ಬರುತ್ತೇನೆಂದು. ಊರಲ್ಲಿ ಆಗಷ್ಟೇ ಇಂಗ್ಲಿಷ್ ಶಾಲೆಯೊಂದು ತೆರೆದಿತ್ತು. ಪುಟ್ಟ ಮಕ್ಕಳಿಗೆ ಇಂಗ್ಲಿಷಿನಲ್ಲಿ ಮಾತಾಡುವ ಟೀಚರ್ ಬೇಕಿತ್ತು. ಅಕ್ಕನಿಗೆ ಓದಲು ಬರುತ್ತಿತ್ತು, ಆಡಿ ರೂಢಿಯಿರಲಿಲ್ಲ. ಇಂಗ್ಲಿಷ್ ಆಡುವವರನ್ನು ಆಳಂದದಲ್ಲಿ ಎಲ್ಲಿಂದ ತರಬೇಕು... ಅಕ್ಕ ಬಸ್‌ಸ್ಟ್ಯಾಂಡ್ ಎದುರಿನ ವಿಡಿಯೋ ಅಂಗಡಿಯಿಂದ ತಂದಳು.

ನಮ್ಮೂರಲ್ಲಿ ಆಗ ಇಂಗ್ಲಿಷ್ ಪಿಕ್ಚರ್ ಅಂದರೆ ಹೊಲಸು ಪಿಕ್ಚರ್ ಎಂದೇ ನಂಬಿಕೆ. ಅಂಗಡಿಯವನು ಆ ಕ್ಯಾಸೆಟ್ಟುಗಳನ್ನು ಪರದೆಯ ಹಿಂದೆ ಇಟ್ಟು, ಉರ್ದು ಪೇಪರಿನಲ್ಲಿ ಸುತ್ತಿ ಕೊಡುತ್ತಿದ್ದ. ಅಕ್ಕ ಅಂಗಡಿಯ ಮೆಟ್ಟಿಲ ಮೇಲೆಯೇ ಆ ಪೇಪರ್ ಹರಿದೊಗೆದು, ಕ್ಯಾಸೆಟ್ಟನ್ನು ಎಲ್ಲರಿಗೂ ಕಾಣುವಂತೆ ಹಿಡಿದು ನಡು ಬಜಾರಿನಲ್ಲಿ ಬರುತ್ತಿದ್ದಳು. ಕೋರ್ಟಿನ ಪಿಕ್ಚರುಗಳನ್ನೇ ಆರಿಸುತ್ತಿದ್ದಳು. ವಕೀಲರು ಬಿಡಿಸಿ ಬಿಡಿಸಿ ಮಾತಾಡುತ್ತಾರೆ, ಹೊಡೆದಾಟದಲ್ಲಿ ಕ್ಯಾಸೆಟ್ ದಂಡವಾಗುವುದಿಲ್ಲ ಎನ್ನುವುದು ಅವಳ ಲೆಕ್ಕ.

ಗುಸುಗುಸು ಬೆಳೆಯಿತು. ಒಂದು ಮಧ್ಯಾಹ್ನ ಓಣಿಯ ಹಿರಿಯರೊಬ್ಬರು ನಾಲ್ಕು ಮಂದಿಯನ್ನು ಕಟ್ಟಿಕೊಂಡು ಬಂದರು.

"ಮರ್ಯಾದಸ್ಥರ ಓಣಿ ಅದವ್ವಾ ಇದು. ಬಾಗಲಾ ಹಾಕ್ಕೊಂಡು ಏನ್ ನೋಡಾಕತ್ತಿ?"

"ಬಾಗಲಾ ತೆಗದೇ ಹಚ್ಚತೇನಿ ಕಾಕಾ," ಅಂದಳು ಅಕ್ಕ. "ಕೂಡ್ರಿ. ಪೂರಾ ನೋಡೇ ಹೋಗಬೇಕು."

ಟಿವಿ ಕಟ್ಟೆಗೆ ಬಂತು. ಹೆಂಗಸರು ನಾಚಿಕೊಳ್ಳಲು ಸೆರಗು ಸಿದ್ಧ ಮಾಡಿಕೊಂಡೇ ಕುಳಿತರು. ಕರಿ ಕೋಟಿನ ಮುದುಕರಿಬ್ಬರು ವಾದಿಸಿದರು. ಮತ್ತೂ ವಾದಿಸಿದರು. ಅಕ್ಕ ನಡುನಡುವೆ ನಿಲ್ಲಿಸಿ, ಹಿಂದಕ್ಕೆ ಓಡಿಸಿ, ಅದೇ ಮಾತನ್ನು ಗಟ್ಟಿಯಾಗಿ ಹೇಳಿದಳು. ನಾವು ಹುಡುಗಿಯರೂ ಕೂಡಿ ಹೇಳಿದೆವು. ಕಾಕಾ ಕಂಬಕ್ಕೊರಗಿ ಗೊರಕೆ ಹೊಡೆದರು. ಎಷ್ಟು ನಿರಾಸೆಯಾಯಿತೋ ಪಾಪ... ಅಂದಿನಿಂದ ಪಿಕ್ಚರ್ ಹಚ್ಚಿದಾಗ ಅಕ್ಕ ಬಾಗಿಲು ಹಾಕಲಿಲ್ಲ.

ಸಂದರ್ಶನದ ಕತೆ ಅವಳೇ ಹೇಳಿದ್ದು. ಕಮಿಟಿಯವರೊಬ್ಬರು, ಗಂಡನನ್ನು ಯಾಕೆ ಬಿಟ್ಟಿರಿ ಎಂದು ಇಂಗ್ಲಿಷಿನಲ್ಲೇ ಕೇಳಿದರಂತೆ. ಅಕ್ಕ ಎದ್ದು ನಿಂತು 'ಅಬ್ಜೆಕ್ಷನ್, ಯುವರ್ ಆನರ್' ಎಂದು ಶುರು ಮಾಡಿ, ಈ ಪ್ರಶ್ನೆಗೂ ಮಕ್ಕಳಿಗೆ ಎಬಿಸಿಡಿ ಕಲಿಸುವುದಕ್ಕೂ ಸಂಬಂಧವಿಲ್ಲ ಎಂದು ವಕೀಲರ ಗತ್ತಿನಲ್ಲೇ ಮುಗಿಸಿದಳಂತೆ. ನೌಕರಿ ಸಿಕ್ಕಿತು. ಅಣ್ಣನ ಗಡುವು ಗಾಳಿಗೆ ಹೋಯಿತು. ಮುಂದೆ ಆ ಶಾಲೆಯ ಪುಟಾಣಿಗಳು ನೀರು ಕುಡಿಯಲು ಹೋಗಬೇಕಾದರೂ 'ಯುವರ್ ಆನರ್' ಎಂದೇ ಕೇಳುತ್ತಿದ್ದವು. ಟೀಚರನ್ನು ಹಾಗೆ ಕರೆಯುವುದಿಲ್ಲ ಎಂದು ಗೊತ್ತಾದ ಮೇಲೂ ಅಕ್ಕ ತಿದ್ದಲಿಲ್ಲ. ನನಗೆ ಅವಳ ಮೇಲಿದ್ದ ಪ್ರೀತಿ ಅಷ್ಟಿಷ್ಟಲ್ಲ.

ಕಳೆದ ತಿಂಗಳು ಅಕ್ಕ ತೀರಿಕೊಂಡಳು. ನಾನು ಹೋಗುವಷ್ಟರಲ್ಲಿ ಮಣ್ಣಾಗಿತ್ತು. ಮನೆ ಮುಂದೆ ಶ್ರದ್ಧಾಂಜಲಿಯ ಬ್ಯಾನರ್ ಕಟ್ಟಿದ್ದರು. ಅದರಲ್ಲಿ ಅವಳ ಹೆಸರಿಗೆ ಜೋಡಿಸಿ ಆ ಗಂಡನ ಹೆಸರು. ನನ್ನ ಮೈಯೆಲ್ಲ ಉರಿದುಹೋಯಿತು. ತೆಗೆಸಿರಿ ಎಂದು ಅವಳ ಅಣ್ಣನಿಗೆ ಹೇಳಿದೆ. ಈಗ ಅವರಿಗೂ ವಯಸ್ಸಾಗಿದೆ. ಗಂಡನ ಹೆಸರಿಲ್ಲದಿದ್ದರೆ ಮಂದಿ ಏನಂದಾರು ಎಂದು ಗೊಣಗಿದರು.

"ಆಕಿ ಬಿಟ್ಟು ಬಂದ ಹೆಸರ್ರಿ ಅದು," ಅಂದೆ. "ಸತ್ತ ಮ್ಯಾಲ ಮತ್ತ ಅಲ್ಲಿಗೇ ಕಳಸ್ತೀರೇನ್ರಿ?"

ಅವರು ತಾವೇ ಎದ್ದು ಬ್ಯಾನರಿನ ಹಗ್ಗ ಬಿಚ್ಚಿದರು. ಈಗ ಅಲ್ಲಿರುವ ಹೊಸ ಬ್ಯಾನರಿನಲ್ಲಿ ಅವಳ ಹೆಸರೊಂದೇ ಇದೆ, ಕೆಳಗೆ ಟೀಚರ್ ಎಂದಿದೆ. ಗೆದ್ದೆ ಅನ್ನಿಸಲಿಲ್ಲ. ಅಕ್ಕ ಇದ್ದಿದ್ದರೆ ಈ ಜಗಳ ಅವಳೇ ಆಡುತ್ತಿದ್ದಳು, ನನಗಿಂತ ಚೆನ್ನಾಗಿ.