ಬ್ರೇಕ್ ಮೇಷ್ಟ್ರ ಬಲಗಾಲು

ವಾರದಲ್ಲಿ ಆರು ದಿನ ಜನರಿಗೆ ಕಾರು ಕಲಿಸುವವರ ಬಲಗಾಲಿಗೆ ಒಂದು ಚಾಳಿ ಅಂಟಿಕೊಳ್ಳುತ್ತದೆ. ಕಲಿಯುವವರ ಪಕ್ಕದಲ್ಲಿ ಕೂತವರ ಕಾಲಡಿಗೂ ಒಂದು ಬ್ರೇಕ್ ಇರುತ್ತದಲ್ಲ, ಎಡವಟ್ಟು ಕಂಡ ಕೂಡಲೇ ಕಾಲು ತಾನಾಗಿ ಕೆಳಗೊತ್ತುತ್ತದೆ. ನಮ್ಮ ಮೇಷ್ಟ್ರ ಕಾಲಿಗೆ ಕಾರಿನಿಂದ ಇಳಿದ ಮೇಲೂ ಬಿಡುವಿರಲಿಲ್ಲ. ಹೆಂಡತಿ ಒಲೆಯ ಮೇಲೆ ಹಾಲಿಟ್ಟು ಫೋನು ಹಿಡಿದರೆ ಅಡುಗೆಮನೆಯ ನೆಲಕ್ಕೆ ಬ್ರೇಕ್ ಬೀಳುತ್ತಿತ್ತು. ಹಾಗಾಗಿ ಎಲ್ಲರ ಬಾಯಲ್ಲೂ ಅವರು ಬ್ರೇಕ್ ಮೇಷ್ಟ್ರು.

ಏಳನೆಯ ದಿನ ಅವರು ಊರಾಚೆಯ ಶೂಟಿಂಗ್ ಕ್ಲಬ್ಬಿನಲ್ಲಿ ಹೊಸಬರಿಗೆ ಬಂದೂಕು ಹಿಡಿಯುವುದನ್ನು ಹೇಳಿಕೊಡುತ್ತಿದ್ದರು. ಅಲ್ಲಿ ಗುರಿ ಇಡುವುದು ಹಕ್ಕಿಗಲ್ಲ, ಯಂತ್ರವೊಂದು ಆಕಾಶಕ್ಕೆ ಎಸೆಯುವ ಮಣ್ಣಿನ ಬಿಲ್ಲೆಗೆ. ಹದಿನಾಲ್ಕು ವರ್ಷದಲ್ಲಿ ಒಬ್ಬರಿಗೂ ಒಂದು ಗೀರು ಗಾಯವಾಗಿರಲಿಲ್ಲ. ಅದು ತಮ್ಮ ಹನ್ನೊಂದು ನಿಯಮಗಳ ಮಹಿಮೆ ಎಂದು ಮೇಷ್ಟ್ರು ತಿಳಿದಿದ್ದರು. "ಕಾರಾದ್ರೆ ನನ್ನ ಕಾಲಡಿ ಎರಡನೇ ಬ್ರೇಕ್ ಇರತ್ತೆ. ಇದಕ್ಕಿಲ್ಲ. ಬಾಯಿಪಾಠ ಮಾಡ್ಕೊಳ್ಳಿ" ಎಂದು ಶುರು ಮಾಡಿದರೆ ನಲವತ್ತು ನಿಮಿಷ. ಏಳನೆಯ ನಿಯಮದ ಹೊತ್ತಿಗೆ ಹೊಸಬರು ಆಕಳಿಸುತ್ತಿದ್ದರು. ಮೇಷ್ಟ್ರು ಅದನ್ನು ಬಯಲಿನ ಗಾಳಿಯ ತಲೆಗೆ ಕಟ್ಟುತ್ತಿದ್ದರು.

ಆಮೇಲೆ ಬಂದವರು ಹಲ್ಲಿನ ಡಾಕ್ಟರಮ್ಮ. ಕ್ಲಬ್ಬಿನವರು ಆಕೆಗೂ ಒಂದು ತಂಡ ಒಪ್ಪಿಸಿದರು.

"ಬಂದೂಕು ಕೈಗೆ ಬಂತು. ಮೊದಲು ಏನ್ಮಾಡ್ತೀರಿ?" ಎಂದು ಆಕೆ ಕೇಳುತ್ತಿದ್ದರು. "ಮಧ್ಯಕ್ಕೆ ಮಡಚಿ 'ಆ' ಅನ್ನಿಸ್ತೀರಿ. ಒಳಗೇನಾದ್ರೂ ಸಿಕ್ಕಿಕೊಂಡಿದೆಯಾ ಅಂತ ನೋಡ್ತೀರಿ. ಬಾಯಿ ತೆರೆದಿರೋ ಬಂದೂಕು ಕಚ್ಚಲ್ಲ. ಹೊಡೆಯೋಕೆ ನಿಂತಾಗ ಮಾತ್ರ ಮುಚ್ಚೋದು. ಸಲಕ್ಕೆ ಒಂದೇ ತೋಟಾ, ಅದೂ ನನ್ನ ಕೈಯಿಂದ."

ಜನ ನಗುತ್ತಿದ್ದರು. ನಕ್ಕು ಮರೆತಿದ್ದರೆ ಮೇಷ್ಟ್ರಿಗೆ ತೊಂದರೆ ಇರಲಿಲ್ಲ, ಆದರೆ ಜನ ನೆನಪಿಟ್ಟುಕೊಳ್ಳುತ್ತಿದ್ದರು. ಒಂದು ದಿನ ಮೇಷ್ಟ್ರು ಆಕೆಯ ತಂಡದವರೊಬ್ಬರನ್ನು ಚಹಾದ ನೆಪದಲ್ಲಿ ಪಕ್ಕಕ್ಕೆ ಕರೆದು ಪರೀಕ್ಷೆ ಮಾಡಿದರು. ಆತ ಎಲ್ಲವನ್ನೂ ಅರಳು ಹುರಿದಂತೆ ಹೇಳಿದ. ಒಂದು ತಪ್ಪಾದರೂ ಸಿಗಬಾರದೇ ಎಂದು ಮೇಷ್ಟ್ರ ಹೊಟ್ಟೆ ಉರಿಯಿತು.

ಅಷ್ಟರಲ್ಲಿ ಕ್ಲಬ್ಬಿನ ಕಾರ್ಯದರ್ಶಿ ಒಂದು ಸುದ್ದಿ ಹೇಳಿದರು. ಮುಂದಿನ ವರ್ಷದಿಂದ ಹೊಸಬರಿಗೆಲ್ಲ ಒಬ್ಬರೇ ಗುರು. ಬರುವ ಭಾನುವಾರ ಇಬ್ಬರ ಪಾಠವನ್ನೂ ನೋಡಿ ತೀರ್ಮಾನ. ಗೆದ್ದವರ ಕೊರಳಿಗೆ ಕೆಂಪು ದಾರದ ಸೀಟಿ. ಅದು ಹದಿನಾಲ್ಕು ವರ್ಷದಿಂದ ಮೇಷ್ಟ್ರ ಕೊರಳಲ್ಲೇ ಇತ್ತು.

ಆ ಭಾನುವಾರ ಹೆಂಡತಿ, "ರೀ, ನಾನೂ ಕಲೀತೀನಿ" ಎಂದು ಹೊರಟರು. ಮೇಷ್ಟ್ರು ಹಿಗ್ಗಿದರು. ಮೈದಾನ ತಲುಪಿದ ಮೇಲೆ ಹೆಂಡತಿ ನೆಟ್ಟಗೆ ಡಾಕ್ಟರಮ್ಮನ ಸಾಲಿಗೆ ಹೋಗಿ ನಿಂತರು.

"ಅಲ್ಲಿ ಯಾಕೆ?"

"ನಿಮ್ಮ ಹತ್ರ ಕಾರು ಕಲ್ತಿದ್ದೇ ಈ ಜನ್ಮಕ್ಕೆ ಸಾಕು."

ಮೇಷ್ಟ್ರು ಮುಖ ಹುಳ್ಳಗೆ ಮಾಡಿಕೊಂಡು ತಮ್ಮ ಪಾಠ ಶುರು ಮಾಡಿದರು. ಒಂಬತ್ತನೆಯ ನಿಯಮ: ಅಪಾಯ ಕಂಡರೆ ಇವತ್ತಷ್ಟೇ ಬಂದವರೂ "ನಿಲ್ಲಿಸಿ" ಅನ್ನಬಹುದು. ಹತ್ತನೆಯದು: ನಿಂತ ಜಾಗದ ಎಡಬಲಕ್ಕೆ ನೆಟ್ಟ ಕೆಂಪು ಗೂಟಗಳನ್ನು ಬಂದೂಕಿನ ನಳಿಗೆ ದಾಟಕೂಡದು. ದಾಟಿದರೆ ಆ ದಿನ ಮೈದಾನದಿಂದ ಹೊರಗೆ. ಇದೇ ನಿಯಮದಡಿ ಕಾರ್ಯದರ್ಶಿಯ ಭಾವಮೈದನನ್ನೇ ಓಡಿಸಿದ್ದ ಕಥೆಯನ್ನು ಮೇಷ್ಟ್ರು ಅವತ್ತೂ ಬಿಡದೆ ಹೇಳಿದರು. "ಗೂಟ ದಾಟಿದ್ರೆ ಮನೆಗೆ. ವಿವರಣೆ ನನಗೆ ಬೇಡ."

ಬಳಿಕ ಒಂದು ಬಿಲ್ಲೆ ಹೊಡೆದು ತೋರಿಸಲು ನಿಂತು, ತೋಟಾ ತುಂಬಿ ಬಂದೂಕು ಮುಚ್ಚಿದರು. ಅದೇ ಹೊತ್ತಿಗೆ ಪಕ್ಕದಲ್ಲಿ ಗುಂಡಿನ ಸದ್ದಾಯಿತು, ಬಿಲ್ಲೆ ಪುಡಿಯಾಯಿತು, ಚಪ್ಪಾಳೆ ಬಿತ್ತು. ಚಪ್ಪಾಳೆಯ ನಡುವೆ ಹೆಂಡತಿಯ ನಗು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಆ ನಗು ಮೇಷ್ಟ್ರ ಪಾಲಿಗೆ ಬಂದದ್ದು ಎರಡೋ ಮೂರೋ ಸಲ. ಅವರ ತಲೆ ಅತ್ತ ತಿರುಗಿತು. ತಲೆಯ ಹಿಂದೆಯೇ ಹೆಗಲು, ಹೆಗಲಿನ ಹಿಂದೆಯೇ ಬಂದೂಕು.

"ನಿಲ್ಲಿಸಿ."

ಹೇಳಿದ್ದು ಹೆಂಡತಿ. ಹೆಂಡತಿಯ ಬಂದೂಕು ಆಗಲೇ ಬಾಯಿ ತೆರೆದುಕೊಂಡು ತೋಳಿನ ಮೇಲಿತ್ತು. ಹೆಂಡತಿಯ ಬಲಗಾಲೂ ನೆಲಕ್ಕೆ ಒತ್ತಿತ್ತು. "ರೀ, ಗೂಟ ದಾಟಿದೆ. ಬಯಲಿನ ಕಡೆ ತಿರುಗಿಸಿ. ಆ ಅನ್ನಿಸಿ."

ಮೇಷ್ಟ್ರು ತಿರುಗಿಸಿದರು, ಮಡಚಿದರು. ಒಳಗೆ ತೋಟಾದ ಹಿತ್ತಾಳೆ ಹೊಳೆಯಿತು. ಗೂಟದಿಂದ ಹನ್ನೆರಡು ಹೆಜ್ಜೆ ಆಚೆ, ಒಂದು ಕ್ಷಣದ ಹಿಂದೆ ನಳಿಗೆ ತಿರುಗಿದ್ದ ಕಡೆಯಲ್ಲೇ, ಆ ನಗು ನಕ್ಕವರು ನಿಂತಿದ್ದರು.

"ಒಂದು ಗೇಣು ಅಷ್ಟೇ. ಬೆರಳೂ ಟ್ರಿಗರ್ ಮೇಲಿರ್ಲಿಲ್ಲ" ಎಂದರು ಡಾಕ್ಟರಮ್ಮ. ಅದರಲ್ಲಿ ವ್ಯಂಗ್ಯ ಎಳ್ಳಷ್ಟೂ ಇರಲಿಲ್ಲ. ಇದ್ದಿದ್ದರೆ ಜಗಳಕ್ಕಾದರೂ ದಾರಿಯಿತ್ತು.

ಕಾರ್ಯದರ್ಶಿ ಕುರ್ಚಿಯಿಂದಲೇ ಅಂದರು, "ಹೋಗ್ಲಿ ಬಿಡಿ ಮೇಷ್ಟ್ರೇ, ನೀವೇ ಅಲ್ವಾ."

ಮೇಷ್ಟ್ರಿಗೆ ಒಂದು ಗಳಿಗೆ ಆ ಮಾತು ಹಿತವಾಯಿತು. ಆದರೆ ಅವರ ತಂಡದ ಆರೂ ಜನ ಅವರ ಮುಖವನ್ನೇ ನೋಡುತ್ತಿದ್ದರು. ಅವತ್ತು ಮೊದಲ ಬಾರಿಗೆ ಯಾರೂ ಆಕಳಿಸುತ್ತಿರಲಿಲ್ಲ.

"ಗೂಟ ದಾಟಿದ್ರೆ ಮನೆಗೆ" ಎಂದರು ಮೇಷ್ಟ್ರು. ಹೊರಗೆ ಕಳಿಸಿದವರ ಪುಸ್ತಕದಲ್ಲಿ ತಮ್ಮ ಹೆಸರನ್ನು ತಾವೇ ಬರೆದು, ಸೀಟಿ ತೆಗೆದು ಡಾಕ್ಟರಮ್ಮನಿಗೆ ಕೊಡಹೋದರು. ದಾರ ಕಿವಿಗೆ ಸಿಕ್ಕಿಕೊಂಡಿತು. ಬಿಡಿಸಿಕೊಟ್ಟದ್ದೂ ಡಾಕ್ಟರಮ್ಮನೇ, ಹಲ್ಲು ಕೀಳುವಷ್ಟು ನಾಜೂಕಾಗಿ.

ಹೆಂಡತಿಯ ಸರದಿ ಮುಗಿದಿರಲಿಲ್ಲವಾದ್ದರಿಂದ ಮೇಷ್ಟ್ರು ಬೇಲಿಯ ಹೊರಗಿನ ಬೆಂಚಿನಲ್ಲಿ ಕಾಯಬೇಕಾಯಿತು. ಎರಡೂ ತಂಡಗಳನ್ನು ಒಟ್ಟುಗೂಡಿಸಿಕೊಂಡು ಡಾಕ್ಟರಮ್ಮ ಹೇಳುತ್ತಿದ್ದುದು ಅಲ್ಲಿಗೂ ಕೇಳಿಸುತ್ತಿತ್ತು: "ಕಾರಿನಲ್ಲಿ ಎರಡನೇ ಬ್ರೇಕ್ ಇರತ್ತೆ, ಇದಕ್ಕಿಲ್ಲ ಅಂತಾರೆ ಮೇಷ್ಟ್ರು. ನಿಜ. ಇಲ್ಲಿ ಎರಡನೇ ಬ್ರೇಕ್ ಅಂದ್ರೆ ಪಕ್ಕದಲ್ಲಿ ನಿಂತಿರೋರು. ಈಗ ನೋಡಿದ್ರಲ್ಲ." ಹನ್ನೆರಡು ತಲೆಗಳು ಆಡಿದವು. ಹದಿನಾಲ್ಕು ವರ್ಷ ಆಡಿದ ಮಾತು ತಮ್ಮದು. ಅದಕ್ಕೆ ಬಾಲ ಸೇರಿಸಿ ಜೀವ ಕೊಟ್ಟದ್ದು ಆಕೆ. ಮೇಷ್ಟ್ರು ಬೇಲಿಯ ತಂತಿಯನ್ನು ಹಿಡಿದುಕೊಂಡರು.

ಮನೆಗೆ ಹೋಗುವಾಗ ಸ್ಟಿಯರಿಂಗ್ ಹಿಡಿದವರು ಹೆಂಡತಿ.

"ಎಷ್ಟು ಒಡೆದೆ ಅಂತ ಕೇಳಲ್ವಾ?"

"ಎಷ್ಟು?"

"ಐದರಲ್ಲಿ ಮೂರು."

ತಾವು ಕಲಿಯಲು ಬಂದ ಮೊದಲ ದಿನ ಮೇಷ್ಟ್ರು ಒಂದನ್ನೂ ಒಡೆದಿರಲಿಲ್ಲ. ಅವರ ಬಲಗಾಲು ಗಟ್ಟಿಯಾಗಿ ಕೆಳಗೊತ್ತಿತು. ಎದುರಿಗೆ ರಸ್ತೆ ಖಾಲಿಯಿತ್ತು.